ತುಟಿಯೇ ಪೀಪಿ

ಓಲಗದವರನ್ನು ನೋಡಿದ್ದೀಯಲ್ಲ ಮಗನೇ? ಅವರ ವಾದ್ಯಕ್ಕೆ ನಾಲ್ಕಾರು ಪೀಪಿಗಳು ದಾರದಲ್ಲಿ ನೇತಾಡುತ್ತಿರುತ್ತವೆ. ಒಂದು ಸೀಳಿದರೆ ಇನ್ನೊಂದನ್ನು ಸಿಕ್ಕಿಸಿಕೊಂಡು ಊದುತ್ತಾರೆ. ನಿನ್ನ ಟ್ರಂಪೆಟ್ಟಿಗೆ ಪೀಪಿ ಇಲ್ಲ. ಇಲ್ಲಿ ಅದುರುವುದು ನಿನ್ನ ತುಟಿಯೇ. ಅದು ಕೆಟ್ಟರೆ ಯಾವ ಅಂಗಡಿಯಲ್ಲೂ ಸಿಗದು.

ಮೊನ್ನೆ ನೀನು ಮೇಲಿನ ಸ್ವರಕ್ಕೆ ಹೋದಾಗ ನಿನ್ನ ಎಡಗೈ ನೋಡಿದೆ. ವಾದ್ಯವನ್ನು ಮುಖಕ್ಕೆ ಒತ್ತುತ್ತಿದ್ದೆ. ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ. ಒಂದು ಮದುವೆ ಮೆರವಣಿಗೆಯಲ್ಲಿ ಮೂರು ಗಂಟೆ ಒತ್ತಿ ಊದಿ, ಮೇಲ್ತುಟಿ ಬಾತು, ಹದಿನೈದು ದಿನ ಮೌತ್‌ಪೀಸ್ ಮುಟ್ಟಲಾಗಲಿಲ್ಲ. ಒತ್ತಿದರೆ ತುಟಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಸ್ನಾಯು ಬೇಗ ಸೋಲುತ್ತದೆ. ಸೋತಷ್ಟೂ ಇನ್ನಷ್ಟು ಒತ್ತುತ್ತೇವೆ. ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್‌ರಂಥವರೇ 1930ರ ದಶಕದಲ್ಲಿ ತುಟಿ ಕೆಡಿಸಿಕೊಂಡು ತಿಂಗಳುಗಟ್ಟಲೆ ವಾದ್ಯ ಕೆಳಗಿಟ್ಟರು. ತುಟಿಯ ಸುತ್ತಲ ಸ್ನಾಯು ಹರಿಯುವುದನ್ನು ಅವರ ಅಡ್ಡಹೆಸರಿನಿಂದಲೇ ‘ಸ್ಯಾಚ್ಮೋ ಸಿಂಡ್ರೋಮ್’ ಅನ್ನುತ್ತಾರೆ.

ಹಾಗಾದರೆ ಹೇಗೆ? ‘ಮ್’ ಅನ್ನುವ ಹಾಗೆ ತುಟಿ ಮುಚ್ಚು. ಬಾಯಿಯ ಎರಡು ಮೂಲೆ ಗಟ್ಟಿ, ನಡುವೆ ಮೆತ್ತಗೆ. ನಗುವವನ ಹಾಗೆ ಎಳೆಯಬೇಡ. ತುಟಿ ತೆಳುವಾದರೆ ಸ್ವರವೂ ತೆಳುವಾಗುತ್ತದೆ. ಗದ್ದ ಗಂಟು ಕಟ್ಟಬಾರದು, ಕೆನ್ನೆ ಉಬ್ಬಬಾರದು. ಇನ್ನೊಬ್ಬ ಜಾಝ್ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಕಪ್ಪೆಯಂತೆ ಕೆನ್ನೆ ಉಬ್ಬಿಸಿಯೇ ಗೆಲ್ಲಲಿಲ್ಲವೇ ಅನ್ನುತ್ತೀಯ. ಗೆದ್ದರು. ಅವರಿಂದ ಕಲಿಯಬೇಕಾದ್ದು ಬೇಕಾದಷ್ಟಿದೆ, ಆ ಕೆನ್ನೆಯೊಂದನ್ನು ಬಿಟ್ಟು.

ದಿನಾ ಬೆಳಿಗ್ಗೆ ಬರೀ ಮೌತ್‌ಪೀಸ್ ಹಿಡಿದು ಎರಡು ನಿಮಿಷ ದುಂಬಿಯ ಹಾಗೆ ಗುಂಯ್‌ಗುಡಿಸು. ಆಮೇಲೆ ಮಧ್ಯದ ಸ್ವರಗಳನ್ನು ಉದ್ದಕ್ಕೆ ಹಿಡಿ. ಮೆಲ್ಲಗೆ ಶುರುವಾಗಿ, ತುಂಬಿ, ಮೆಲ್ಲಗೆ ಮುಗಿಯಲಿ. ಆಮೇಲೆ ಮೂರು ವಾಲ್ವ್‌ಗಳಲ್ಲಿ ಒಂದನ್ನೂ ಒತ್ತದೆ ಸಾ, ಪಾ, ಮೇಲಿನ ಸಾ, ಅದರಾಚೆಯ ಗಾ, ಪಾ ಹತ್ತಿ ಇಳಿ. ಐದೂ ಅದೇ ಕೊಳವೆಯಲ್ಲಿವೆ. ಬೆರಳಿನ ನೆರವಿಲ್ಲದೆ ಹತ್ತುವಾಗ ತುಟಿಯ ತಪ್ಪಿಗೆ ಅಡಗಿಕೊಳ್ಳಲು ಜಾಗವಿರುವುದಿಲ್ಲ. ಮೇಲೆ ಹೋಗುತ್ತ ನಾಲಿಗೆ ‘ಆ’ಯಿಂದ ‘ಈ’ಗೆ ಏರಲಿ, ಉಸಿರು ಚುರುಕಾಗಲಿ. ಕೈ ಮಾತ್ರ ಸುಮ್ಮನಿರಲಿ.

ಊದಿದಷ್ಟೇ ಹೊತ್ತು ಸುಧಾರಿಸಿಕೋ. ತುಟಿ ಮರಗಟ್ಟಿದರೆ ಅವತ್ತಿಗೆ ಸಾಕು.

ನಿನ್ನ ಜೇಬಿನ ಗುಟ್ಕಾ ಪೊಟ್ಟಣವನ್ನೂ ಕಂಡೆ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ಬಿಗಿದು, ಬಾಯಿ ಪೂರ್ತಿ ತೆರೆಯಲಾಗದವರನ್ನು ನೋಡಿದ್ದೇನೆ. ಕ್ಯಾನ್ಸರ್‌ನ ಭಯ ಬೇರೆ. ಊದುವವನಿಗೆ ಬಾಯಿಯೇ ಬಂಡವಾಳ ಕಣೋ.

ಈ ದಸರೆಗೆ ಮೈಸೂರಿನಲ್ಲಿ ಪೊಲೀಸ್ ಬ್ಯಾಂಡ್ ನುಡಿಸುವಾಗ ಹತ್ತಿರ ಹೋಗಿ ನಿಲ್ಲು. ಸ್ವರ ಏರಿದಾಗ ಅವರ ಎಡಗೈ ನೋಡು.

ನಾಳೆ ಆರು ಗಂಟೆಗೆ ಬಾ. ಟ್ರಂಪೆಟ್ ಮನೆಯಲ್ಲೇ ಇರಲಿ, ಮೌತ್‌ಪೀಸ್ ಒಂದನ್ನು ತಾ.