ಡಬ್ಬಿ ಹುಡುಕೋಕೆ ಯಾವ ಜಿಪಿಎಸ್ ತಗೋಬೇಕು?

ಹೋದ ವರ್ಷ ನಾವು ಐದು ಜನ ಹಿಡ್ಲುಮನೆ ಜಲಪಾತದ ಕಡೆಯಿಂದ ಕೊಡಚಾದ್ರಿ ಹತ್ತಿದ್ದೆವು. ಹತ್ತುವಾಗ ಬಿಸಿಲು, ಇಳಿಯುವಾಗ ಮಂಜು, ಆಮೇಲೆ ಜಡಿಮಳೆ. ಒಂದು ಕಡೆ ದಾರಿ ಕವಲೊಡೆದಿತ್ತು. ನಾಲ್ಕು ಜನರ ಹತ್ತಿರ ಫೋನ್ ಇತ್ತು. ಒಂದು ಬೆಳಗ್ಗೆಯಿಂದ ವಿಡಿಯೋ ಮಾಡಿ ಮಾಡಿ ಸತ್ತುಹೋಗಿತ್ತು. ಇನ್ನೊಂದರಲ್ಲಿ ಆರು ಪರ್ಸೆಂಟ್ ಚಾರ್ಜ್ ಉಳಿದಿತ್ತು. ಮೂರನೆಯದರಲ್ಲಿ ನೆಟ್‌ವರ್ಕ್ ಇಲ್ಲದೆ ಮ್ಯಾಪ್ ತೆರೆಯಲೇ ಇಲ್ಲ. ನಾಲ್ಕನೆಯದು ನನ್ನದು, ಪರದೆ ಮೇಲೆ ಮಳೆಹನಿ ಬಿದ್ದು, ನಾನು ಒಂದು ಕಡೆ ಒತ್ತಿದರೆ ಅದು ಇನ್ನೊಂದು ಕಡೆ ಹಾರುತ್ತಿತ್ತು. ಐದನೆಯವರು ನಮ್ಮ ಸೀನಿಯರ್. ಬ್ಯಾಗಿನ ಪಟ್ಟಿಗೆ ಸಿಕ್ಕಿಸಿಕೊಂಡಿದ್ದ, ಹಳೇ ವಾಕಿಟಾಕಿ ಥರ ಕಾಣುವ ಯಂತ್ರದ ಗುಂಡಿ ಎರಡು ಸಲ ಒತ್ತಿ, "ಎಡಕ್ಕೆ ಬನ್ರಪ್ಪಾ, ಬೆಳಗ್ಗೆ ಬಂದ ದಾರಿ ಇಲ್ಲಿಂದ ನಲವತ್ತು ಮೀಟರ್" ಅಂದರು. ದಾರಿ ಅಲ್ಲೇ ಇತ್ತು.

ಜೀಪ್ ರಸ್ತೆ ಸಿಕ್ಕ ಮೇಲೆ ಕೇಳಿದೆ: "ಇದನ್ನ ಯಾಕೆ ತಗೊಂಡ್ರಿ?" ಅವರು ನಕ್ಕು, "ಡಬ್ಬಿ ಹುಡುಕೋಕೆ" ಅಂದರು. ಈ ಲೇಖನ ಅಲ್ಲಿಂದ ಶುರು.

ಏನಿದು ಡಬ್ಬಿ ಆಟ?

ಆಟದ ಹೆಸರು ಜಿಯೋಕ್ಯಾಚಿಂಗ್. ಒಬ್ಬರು ಒಂದು ಡಬ್ಬಿಯಲ್ಲಿ ಸಣ್ಣ ಪುಸ್ತಕ ಇಟ್ಟು ಎಲ್ಲೋ ಬಚ್ಚಿಡುತ್ತಾರೆ, ಆ ಜಾಗದ ಅಕ್ಷಾಂಶ-ರೇಖಾಂಶ ಪ್ರಕಟಿಸುತ್ತಾರೆ. ಹುಡುಕಿದವರು ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರಬೇಕು. ಅಷ್ಟೇ.

ಇದು ಹುಟ್ಟಿದ್ದರ ಹಿಂದೆ ಒಂದು ಎಂಜಿನಿಯರಿಂಗ್ ಕಥೆ ಇದೆ. ಅಮೆರಿಕ ಸರ್ಕಾರ ಮೊದಲು ನಾಗರಿಕರ ಬಳಕೆಯ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಕಳಿಸುತ್ತಿತ್ತು. ತಪ್ಪು ನೂರು ಮೀಟರ್‌ವರೆಗೂ ಹೋಗುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಿದರು. ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬುವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ ಹೂತಿಟ್ಟು ಅದರ ನಿರ್ದೇಶಾಂಕಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ನೂರು ಮೀಟರ್ ತಪ್ಪಿದ್ದಾಗ ಆಗದ ಆಟ, ತಪ್ಪು ಹತ್ತಿಪ್ಪತ್ತು ಮೀಟರಿಗೆ ಇಳಿದ ಕೂಡಲೇ ಸಾಧ್ಯವಾಯಿತು. ಹೀಗಾಗಿ ಈ ಆಟಕ್ಕೆ ಯಂತ್ರ ಆರಿಸುವ ಮೊದಲು ತಪ್ಪಿನ ಲೆಕ್ಕ ಅರ್ಥ ಮಾಡ್ಕೊಳ್ಳೋದು ಒಳ್ಳೇದು.

ಮೊದಲು ಲೆಕ್ಕ, ಆಮೇಲೆ ಅಂಗಡಿ

ಡಬ್ಬಿ ಇಟ್ಟವರ ಅಳತೆಯಲ್ಲಿ 5 ಮೀಟರ್ ತಪ್ಪಿದೆ, ನಿಮ್ಮ ಯಂತ್ರದಲ್ಲೂ 5 ಮೀಟರ್ ತಪ್ಪಿದೆ ಅಂತಿಟ್ಟುಕೊಳ್ಳಿ. ಎರಡೂ ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳು. ಹಾಗಾಗಿ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೀಬೇಕು: 25 + 25 = 50, ಅದರ ವರ್ಗಮೂಲ ಸುಮಾರು 7.1 ಮೀಟರ್.

ಈಗ ನೀವು ದುಡ್ಡು ಸುರಿದು 3 ಮೀಟರ್ ತಪ್ಪಿನ ಯಂತ್ರ ತಂದಿರಿ. 25 + 9 = 34, ವರ್ಗಮೂಲ ಸುಮಾರು 5.8 ಮೀಟರ್. ಹುಡುಕಬೇಕಾದ ವೃತ್ತ 7.1ರಿಂದ 5.8ಕ್ಕೆ ಬಂತು. ಸುಳ್ಳಲ್ಲ, ಲಾಭ ಇದೆ. ಆದರೆ ಡಬ್ಬಿ ಇಟ್ಟವರ ತಪ್ಪನ್ನು ನಿಮ್ಮ ದುಡ್ಡು ಸರಿಮಾಡೋಲ್ಲ. ಯಾವ ಯಂತ್ರವಾದರೂ ನಿಮ್ಮನ್ನು ಏಳೆಂಟು ಮೀಟರ್ ಹತ್ತಿರಕ್ಕೆ ಬಿಡುತ್ತೆ. ಅಲ್ಲಿಂದ ಮುಂದೆ ಕಲ್ಲಿನ ಸಂದಿ, ಮರದ ಪೊಟರೆ ನೋಡೋದು ಕಣ್ಣಿನ ಕೆಲಸ.

ಅಂದ್ರೆ ನಿಖರತೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಮಳೆಯಲ್ಲಿ, ಕತ್ತಲಾಗುವ ಹೊತ್ತಿಗೆ, ಎರಡನೇ ದಿನವೂ ಇದು ಕೆಲಸ ಮಾಡುತ್ತಾ? ಈ ಪ್ರಶ್ನೆ ಇಟ್ಟುಕೊಂಡೇ ಒಂದೊಂದಾಗಿ ನೋಡೋಣ.

1. ಬ್ಯಾಟರಿ

ಎಎ ಗಾತ್ರದ ಸೆಲ್ ಹಾಕುವ ಯಂತ್ರಗಳಿವೆ, ಒಳಗೇ ಬ್ಯಾಟರಿ ಇದ್ದು ಚಾರ್ಜ್ ಮಾಡುವ ಯಂತ್ರಗಳಿವೆ. ಗಾರ್ಮಿನ್ ಈಟ್ರೆಕ್ಸ್ 22ಎಕ್ಸ್ ಎರಡು ಎಎ ಸೆಲ್‌ನಲ್ಲಿ ಸುಮಾರು 25 ಗಂಟೆ ನಡೆಯುತ್ತೆ ಅಂತ ಕಂಪನಿ ಹೇಳುತ್ತೆ. ಜಿಪಿಎಸ್‌ಮ್ಯಾಪ್ 67ರಲ್ಲಿ ಒಳಗಿನ ಲಿಥಿಯಂ ಬ್ಯಾಟರಿಗೆ 180 ಗಂಟೆವರೆಗೆ ಅನ್ನುತ್ತಾರೆ. ಅಂಕಿ ನೋಡಿದರೆ ಎರಡನೆಯದೇ ಗೆದ್ದಿತು. ಆದರೆ ಎಎ ಸೆಲ್ಲು ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ, ಜೇಬಲ್ಲಿ ಇನ್ನೊಂದು ಜೋಡಿ ಇಟ್ಟುಕೊಂಡರೆ ಚಿಂತೆ ಇಲ್ಲ. ಚಾರ್ಜ್ ಮಾಡಬಲ್ಲ ನಿಕಲ್ ಸೆಲ್ ಹಾಕಿದರೆ ಸೆಟ್ಟಿಂಗ್ಸಲ್ಲಿ ಸೆಲ್‌ನ ಬಗೆ ಬದಲಾಯಿಸಿ. ಅದರ ವೋಲ್ಟೇಜ್ 1.2, ಮಾಮೂಲಿ ಸೆಲ್‌ನದು 1.5. ಬದಲಾಯಿಸದಿದ್ದರೆ ಯಂತ್ರ ಚಾರ್ಜ್ ಎಷ್ಟಿದೆ ಅಂತ ತಪ್ಪಾಗಿ ತೋರಿಸುತ್ತೆ.

2. ಗುಂಡಿಯೋ, ಟಚ್ಚೋ?

ಟಚ್ ಪರದೆಯಲ್ಲಿ ನಿರ್ದೇಶಾಂಕ ಟೈಪ್ ಮಾಡೋದು ಸುಲಭ, ಒಪ್ಪುತ್ತೇನೆ. ಆದರೆ ಮಲೆನಾಡಿನ ಮಳೆಯಲ್ಲಿ ನನ್ನ ಮತ ಗುಂಡಿಗೆ. ಒದ್ದೆ ಬೆರಳು, ಕೆಸರು ಕೈ, ಜಿಗಣೆ ಕೀಳುತ್ತಿರೋ ಇನ್ನೊಂದು ಕೈ, ಯಾವುದಾದರೂ ಗುಂಡಿ ಕೇಳುತ್ತೆ. ಇನ್ನೊಂದು ವಿಷಯ: ಈ ಯಂತ್ರಗಳ ಪರದೆ ಬಿಸಿಲಿನ ಬೆಳಕನ್ನೇ ಪ್ರತಿಫಲಿಸಿ ತೋರಿಸುವ ಬಗೆಯದು. ಫೋನ್ ಪರದೆ ಮಧ್ಯಾಹ್ನ ಮಂಕಾದರೆ, ಇದು ಬಿಸಿಲು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತೆ. ಅಂಗಡಿಯೊಳಗಿನ ಬಲ್ಬಿನ ಕೆಳಗೆ ನೋಡಿ "ಏನು ಡಲ್ ಆಗಿದೆ" ಅನ್ನಬೇಡಿ, ಹೊರಗೆ ತಂದು ನೋಡಿ.

3. ದಿಕ್ಸೂಚಿ

ಇದನ್ನು ಬಹಳ ಜನ ಮರೆಯುತ್ತಾರೆ. ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲದ ಯಂತ್ರಕ್ಕೆ ನೀವು ನಡೆಯುತ್ತಿದ್ದಾಗ ಮಾತ್ರ ದಿಕ್ಕು ಗೊತ್ತಾಗುತ್ತೆ. ಹಿಂದಿನ ಬಿಂದುವಿನಿಂದ ಈಗಿನ ಬಿಂದುವಿಗೆ ಗೆರೆ ಎಳೆದು ದಿಕ್ಕು ಲೆಕ್ಕ ಹಾಕುತ್ತೆ. ನಿಂತರೆ ಬಾಣ ಅಡ್ಡಾದಿಡ್ಡಿ ತಿರುಗುತ್ತೆ. ಡಬ್ಬಿ ಹುಡುಕುವಾಗ ಕೊನೆಯ ಹತ್ತು ಮೀಟರಿನಲ್ಲಿ ನೀವು ಮಾಡೋದೇ ನಿಲ್ಲೋದು, ತಿರುಗೋದು, ಬಗ್ಗೋದು! ಈಟ್ರೆಕ್ಸ್ 22ಎಕ್ಸ್‌ನಲ್ಲಿ ಈ ದಿಕ್ಸೂಚಿ ಇಲ್ಲ, 32ಎಕ್ಸ್‌ನಲ್ಲಿ ಮೂರು ಅಕ್ಷದ ದಿಕ್ಸೂಚಿಯೂ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಸೆನ್ಸರೂ ಇವೆ. ಇವೆರಡರಲ್ಲಿ ಒಂದನ್ನು ಆರಿಸೋದಾದರೆ ಹೆಚ್ಚಿನ ದುಡ್ಡು ಇಲ್ಲಿ ಹಾಕಿ. ಸೆಲ್ ಬದಲಿಸಿದಾಗ ಕ್ಯಾಲಿಬ್ರೇಟ್ ಮಾಡೋದು ಮರೀಬೇಡಿ.

4. ಆಂಟೆನಾ ಮತ್ತು ಎರಡು ತರಂಗಾಂತರ

ದಟ್ಟ ಮರ, ಬಂಡೆಗೋಡೆ, ಕಟ್ಟಡಗಳ ನಡುವೆ ಸಂಕೇತ ಅಲ್ಲಿಲ್ಲಿ ಬಡಿದು ತಡವಾಗಿ ಬರುತ್ತೆ. ಹಳೆಯ ಎಲ್1 ಕೋಡಿನ ಒಂದು ಚಿಪ್ಪಿನ ಉದ್ದ ಸುಮಾರು 293 ಮೀಟರ್. ಹೊಸ ಎಲ್5ರದು ಸುಮಾರು 29 ಮೀಟರ್. ಗೋಡೆಗೆ ಬಡಿದು 50 ಮೀಟರ್ ಹೆಚ್ಚು ಸುತ್ತಿ ಬಂದ ಸಂಕೇತ ಎಲ್1ರಲ್ಲಿ ನಿಜವಾದದ್ದರ ಜೊತೆ ಬೆರೆತುಹೋಗುತ್ತೆ, ಎಲ್5ರಲ್ಲಿ ಬೇರೆಯಾಗಿ ಗುರುತು ಸಿಗುತ್ತೆ. ಜೊತೆಗೆ ಅಯಾನುಗೋಳದಲ್ಲಾಗುವ ವಿಳಂಬ ಆವೃತ್ತಿಯ ವರ್ಗಕ್ಕೆ ವಿಲೋಮ. ಎರಡು ಆವೃತ್ತಿ ಇದ್ದರೆ ಆ ವಿಳಂಬವನ್ನು ಲೆಕ್ಕ ಹಾಕಿ ಕಳೆಯಬಹುದು. ಭೂಕಾಂತೀಯ ಸಮಭಾಜಕದ ಹತ್ತಿರವಿರುವ ದಕ್ಷಿಣ ಭಾರತದಲ್ಲಿ ಅಯಾನುಗೋಳದ ಕಾಟ ಜಾಸ್ತಿ, ಹಾಗಾಗಿ ನಮಗೆ ಇದರ ಲಾಭವೂ ಜಾಸ್ತಿ. ಜಿಪಿಎಸ್‌ಮ್ಯಾಪ್ 65ಎಸ್ ಎರಡು ಆವೃತ್ತಿಯದು, ಎಎ ಸೆಲ್‌ನದು, ದಿಕ್ಸೂಚಿಯೂ ಇದೆ; ಆದರೆ ಬ್ಯಾಟರಿ 16 ಗಂಟೆ ಅಷ್ಟೇ. ಒಂದು ಸಿಕ್ಕರೆ ಒಂದು ಬಿಡಬೇಕು.

ಸೆಟ್ಟಿಂಗ್ಸಲ್ಲಿ 'ವಾಸ್' ಅಂತ ಇದ್ದರೆ ಆನ್ ಮಾಡಿ. ಅದೇ ಜಾತಿಯ ನಮ್ಮ ವ್ಯವಸ್ಥೆ ಗಗನ್. ಅದರ ನಿಯಂತ್ರಣ ಕೇಂದ್ರ ಇರೋದು ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲೇ.

5. ಗಟ್ಟಿತನ

ಐಪಿಎಕ್ಸ್7 ಅಂದರೆ 1 ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದರೂ ತೊಂದರೆ ಇಲ್ಲ ಅಂತ. 'ಎಕ್ಸ್' ಇರುವ ಜಾಗ ಧೂಳಿನದು. ಅದಕ್ಕೆ ಅಂಕ ಕೊಟ್ಟಿಲ್ಲ ಅಂತ ಅರ್ಥ. ನೀರಲ್ಲಿ ತೇಲುತ್ತೆ ಅಂತಲೂ ಅರ್ಥ ಅಲ್ಲ. ಹೊಳೆ ದಾಟುವಾಗ ದಾರ ಕಟ್ಟಿಕೊಳ್ಳಿ.

ದಯವಿಟ್ಟು ಇದೊಂದು ಓದಿ

ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿರುವ ಅಣ್ಣನೋ ಅಕ್ಕನೋ "ಬರುವಾಗ ಒಂದು ಒಳ್ಳೇ ಜಿಪಿಎಸ್ ತರ್ತೀನಿ" ಅಂದರೆ, ಮಾದರಿಯ ಹೆಸರು ಕೇಳಿ. ಗಾರ್ಮಿನ್‌ನ 66ಐ, 67ಐ, ಮೊಂಟಾನಾ 700ಐ ಥರ ಕೊನೆಯಲ್ಲಿ 'ಐ' ಇದ್ದರೆ ಅದರಲ್ಲಿ ಇನ್‌ರೀಚ್ ಇರುತ್ತೆ, ಅಂದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಟ್ರಾನ್ಸ್‌ಮಿಟರ್. ಸಂಕೇತ ಬರೀ ಪಡೆಯುವ ಯಂತ್ರ ಬೇರೆ, ಉಪಗ್ರಹಕ್ಕೆ ಕಳಿಸುವ ಯಂತ್ರ ಬೇರೆ. ಎರಡನೆಯದನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಗೊತ್ತಿಲ್ಲದೆ ತಂದ ವಿದೇಶಿ ಚಾರಣಿಗರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದ ಪ್ರಕರಣಗಳಿವೆ. ಉಡುಗೊರೆ ಅಂದುಕೊಂಡದ್ದು ಕೇಸ್ ಆಗಬಾರದು.

ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದರೆ

ವಿದ್ಯಾರ್ಥಿಗಳ ಬಜೆಟ್ಟಿಗೆ ಇದೇ ದಾರಿ. ಸೆಲ್ ಕೂರುವ ಜಾಗದ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದಿದೆಯಾ, ಯುಎಸ್‌ಬಿ ಮುಚ್ಚಳದ ರಬ್ಬರ್ ಬಿಗಿಯಾಗಿದೆಯಾ ನೋಡಿ. ಬಯಲಲ್ಲಿ ಆನ್ ಮಾಡಿ ತಾರೀಕು ಸರಿ ಇದೆಯಾ ನೋಡಿ. ಜಿಪಿಎಸ್ ವಾರಗಳನ್ನು 10 ಬಿಟ್‌ಗಳಲ್ಲಿ ಎಣಿಸುತ್ತೆ. 1024 ವಾರಕ್ಕೊಮ್ಮೆ ಸೊನ್ನೆಗೆ ಬರುತ್ತೆ. 2019ರ ಏಪ್ರಿಲ್‌ನಲ್ಲಿ ಹಾಗಾದಾಗ ಹಳೆಯ ಕೆಲವು ಯಂತ್ರಗಳು ಇಪ್ಪತ್ತು ವರ್ಷ ಹಿಂದಕ್ಕೆ ಹೋದವು.

ಹಾಗಾದರೆ ಯಾರು ತಗೋಬೇಕು?

ಕ್ಯಾಂಪಸ್ಸಿನಲ್ಲಿ, ಪಾರ್ಕಿನಲ್ಲಿ ಹುಡುಕುವವರಿಗೆ ಫೋನೇ ಸಾಕು, ದುಡ್ಡು ಉಳಿಸಿ. ವರ್ಷಕ್ಕೆ ನಾಲ್ಕೈದು ಸಲ ಘಟ್ಟ ಹತ್ತುವವರು ಇಬ್ಬರು ಮೂವರು ಸೇರಿ 32ಎಕ್ಸ್ ಥರದ್ದು ಒಂದು ತಗೊಳ್ಳಿ. ಕಾಡೊಳಗೇ ಹೆಚ್ಚು ಓಡಾಡುವವರು ಎರಡು ಆವೃತ್ತಿಯದ್ದು ನೋಡಿ.

ತಗೊಳ್ಳುವ ಮೊದಲು ಒಂದು ಮನೆಗೆಲಸ. ಕಾಲೇಜ್ ಮೈದಾನದಲ್ಲಿ ಒಂದೇ ಕಲ್ಲಿನ ಮೇಲೆ ಫೋನ್ ಇಟ್ಟು, ನಿಮಿಷಕ್ಕೊಂದರಂತೆ 30 ಸಲ ನಿರ್ದೇಶಾಂಕ ಬರೆದುಕೊಳ್ಳಿ. ಜಿಯೋಕ್ಯಾಚಿಂಗಿನಲ್ಲಿ ಬಳಸುವುದು ಡಿಗ್ರಿ ಮತ್ತು ದಶಮಾಂಶ ನಿಮಿಷ. 12 ಡಿಗ್ರಿ 58.500 ನಿಮಿಷವನ್ನು 58 ನಿಮಿಷ 50 ಸೆಕೆಂಡ್ ಅಂತ ಓದಿದರೆ 600 ಮೀಟರಿಗೂ ಹೆಚ್ಚು ದೂರ ಹೋಗಿ ಹುಡುಕ್ತಾ ಇರ್ತೀರಿ! ಅಕ್ಷಾಂಶದಲ್ಲಿ 0.001 ನಿಮಿಷ ಅಂದರೆ 1.85 ಮೀಟರ್, ರೇಖಾಂಶಕ್ಕೆ ಅದನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಿ. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡಿ. ಆಮೇಲೆ ಇದನ್ನೇ ಮರದ ಕೆಳಗೆ, ಕಟ್ಟಡದ ಪಕ್ಕ ಮಾಡಿ. ಚುಕ್ಕಿಗಳು ಎಷ್ಟು ಚೆದುರುತ್ತವೆ ಅಂತ ನೋಡಿದರೆ, ನಿಮಗೆ ಯಂತ್ರ ಬೇಕೋ ಬೇಡವೋ ಅಂತ ನಿಮಗೇ ತಿಳಿಯುತ್ತೆ.

ನಾನು? ಸೀನಿಯರ್ ಹತ್ತಿರ ಅವರ ಹಳೆಯದನ್ನೇ ಕೇಳಿದ್ದೇನೆ. "ಮೊದಲು ಒಂದು ಡಬ್ಬಿ ಹುಡುಕಿ ತೋರ್ಸು, ಆಮೇಲೆ ನೋಡೋಣ" ಅಂದಿದ್ದಾರೆ.