ಬೋಧಕನ ತರಬೇತಿ: ಮೆಥೊಡಿಸ್ಟರ ಕ್ರಮ

ನಮ್ಮ ಅಮೀರ್‌ಪೇಟಿನಲ್ಲಿ ತರಬೇತಿ ಎಂಬ ಮಾತಿಗೆ ಅರ್ಥ ಹೇಳಬೇಕಾಗಿಲ್ಲ. ಮೈತ್ರೀವನದ ಸುತ್ತ ಗೋಡೆಗೋಡೆಗೂ ಅದರದೇ ಫಲಕ: ಇಷ್ಟು ವಾರ, ಇಷ್ಟು ಶುಲ್ಕ, ಕೊನೆಗೊಂದು ಸರ್ಟಿಫಿಕೇಟು. ಊರಿನಿಂದ ಬಂದ ನಮ್ಮ ಹುಡುಗರಲ್ಲಿ ಅನೇಕರು ಆ ಬಾಗಿಲುಗಳನ್ನು ಹೊಕ್ಕು ಹೊರಬಂದವರೇ. ಇದಕ್ಕೆ ತೀರ ಬೇರೆಯಾದ ಒಂದು ತರಬೇತಿಯ ಕ್ರಮವನ್ನು ಈ ಸಲ ನೋಡೋಣ. ಬೀದರ್ ಕಡೆಯಿಂದ ಈ ನಗರಕ್ಕೆ ದುಡಿಯಲು ಬಂದವರಲ್ಲಿ ಮೆಥೊಡಿಸ್ಟ್ ಸಭೆಯವರುಂಟು. ಅವರ ನೆರೆಯಲ್ಲಿ ಬೆಳೆದವರು ಇನ್ನೂ ಹೆಚ್ಚು. ಆ ಸಭೆಯ ಪಾದ್ರಿ ಪಾದ್ರಿಯಾಗುವುದು ಹೇಗೆ? ವಾರವೆಲ್ಲ ಲೆಕ್ಕ ಬರೆಯುವ ಗುಮಾಸ್ತನೊಬ್ಬ ಭಾನುವಾರ ಎದ್ದುನಿಂತು ಪ್ರಸಂಗ ಮಾಡುವ ಅಧಿಕಾರ ಅವನಿಗೆ ಎಲ್ಲಿಂದ ಬಂತು?

ಮೊದಲು ಗುಮಾಸ್ತನ ಮಾತನ್ನೇ ತೆಗೆದುಕೊಳ್ಳೋಣ. ಚರಿತ್ರೆಯಲ್ಲಿಯೂ ಅವನೇ ಮುಂದೆ ಬರುತ್ತಾನೆ. ಜಾನ್ ವೆಸ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಪಾದ್ರಿ, ಆಕ್ಸ್‌ಫರ್ಡಿನಲ್ಲಿ ಕಲಿತವರು. 1739ರಲ್ಲಿ ಬ್ರಿಸ್ಟಲಿನ ಬಳಿ ಕಲ್ಲಿದ್ದಲು ಗಣಿಯ ಕೂಲಿಗಳಿಗೆ ಬಯಲಿನಲ್ಲೇ ನಿಂತು ಬೋಧಿಸತೊಡಗಿದರು. ಜನ ಸೇರಿತು, ಪಾದ್ರಿಗಳು ಸಾಲದಾದರು. ವೆಸ್ಲಿ ಲಂಡನ್ನಿನಲ್ಲಿ ಇಲ್ಲದಿದ್ದಾಗ ಥಾಮಸ್ ಮ್ಯಾಕ್ಸ್‌ಫೀಲ್ಡ್ ಎಂಬ ಸಹಾಯಕ, ಅಭಿಷೇಕವಿಲ್ಲದವನು, ಪ್ರಸಂಗ ಮಾಡಿಯೇಬಿಟ್ಟ. ಸುದ್ದಿ ಕೇಳಿದ ವೆಸ್ಲಿ ಅದನ್ನು ನಿಲ್ಲಿಸಲೆಂದು ಧಾವಿಸಿ ಬಂದರು. ಮೊದಲು ಅವನ ಮಾತು ಕೇಳು, ಆಮೇಲೆ ತೀರ್ಮಾನಿಸು ಎಂದು ತಾಯಿ ಸುಸಾನಾ ಮಗನನ್ನು ತಡೆದರಂತೆ. ವೆಸ್ಲಿ ಕೇಳಿದರು, ಒಪ್ಪಿದರು. ಮೆಥೊಡಿಸ್ಟರಲ್ಲಿ ಸಾಮಾನ್ಯ ಬೋಧಕರ ಸಾಲು ಬೆಳೆದದ್ದು ಹೀಗೆ.

ಇನ್ನೊಂದು ಏರ್ಪಾಡು ಸಾಲದಿಂದಲೇ ಹುಟ್ಟಿತು. 1742ರಲ್ಲಿ ಬ್ರಿಸ್ಟಲಿನ ಸಭಾಮಂದಿರದ ಸಾಲ ತೀರಿಸಲು ತಲೆಗೆ ವಾರಕ್ಕೊಂದು ಪೆನ್ನಿ ಎಂದು ಗೊತ್ತುಮಾಡಿ, ಸುಮಾರು ಹನ್ನೆರಡು ಮಂದಿಗೊಬ್ಬನನ್ನು ವಸೂಲಿಗೆ ನೇಮಿಸಿದರು. ವಸೂಲಿಗೆಂದು ಮನೆಮನೆಗೆ ಹೋದವನಿಗೆ ಒಬ್ಬನ ಕುಡಿತ, ಇನ್ನೊಬ್ಬನ ಕಾಯಿಲೆ, ಮತ್ತೊಂದು ಮನೆಯ ಜಗಳ ಎಲ್ಲ ತಿಳಿದುಬಂದುವು. ಪೆನ್ನಿ ಎತ್ತುವವನೇ ಆ ಹನ್ನೆರಡು ಮಂದಿಯ ಯೋಗಕ್ಷೇಮ ನೋಡುವವನಾದ. ನಮ್ಮಲ್ಲಿ ಚೀಟಿ ನಡೆಸುವವರಿಗೆ ಇದರ ಮರ್ಮ ಕೂಡಲೇ ಹೊಳೆದೀತು.

ಇಂಥವರಿಗೆ ಓದು ಬೇಡವೆಂದು ವೆಸ್ಲಿ ಬಿಡಲಿಲ್ಲ. ದಿನಕ್ಕೆ ಐದು ಗಂಟೆಯಾದರೂ ಓದತಕ್ಕದ್ದೆಂದು ತಮ್ಮ ಸಂಚಾರಿ ಬೋಧಕರಿಗೆ ವಿಧಿಸಿದರು. ಓದಿನಲ್ಲಿ ರುಚಿಯಿಲ್ಲ ಎಂದವನಿಗೆ, ರುಚಿ ಬೆಳೆಸಿಕೋ, ಇಲ್ಲವೇ ಹಳೆಯ ಕಸುಬಿಗೆ ಹಿಂದಿರುಗು ಎಂದು ಉತ್ತರ. ಬರಿಯ ಅಪ್ಪಣೆಯಲ್ಲ, 1749ರಿಂದ 1755ರವರೆಗೆ ಐವತ್ತು ಸಂಪುಟಗಳ ಗ್ರಂಥಮಾಲೆಯೊಂದನ್ನು ತಾವೇ ಸಂಗ್ರಹಿಸಿ ಅಚ್ಚುಹಾಕಿಸಿದರು. ವಾಚನಾಲಯ ನಡೆಸುವ ನಮಗೆ ಈ ಸಂಗತಿ ಹಿಡಿಸಿತೆಂದು ಬೇರೆ ಹೇಳಬೇಕೇ!

ನಮ್ಮ ನಾಡಿಗೆ ಈ ಸಭೆ ಎರಡು ದಾರಿಯಲ್ಲಿ ಬಂತು. ಮೈಸೂರು ಸೀಮೆಗೆ ಬಂದವರು ಇಂಗ್ಲೆಂಡಿನ ವೆಸ್ಲಿಯನರು. ಇಲ್ಲಿಂದ ನಾವು ನೋಡಲು ಹೋಗುವ ಮೇದಕ್ ಚರ್ಚೂ ಅವರು ಕಟ್ಟಿದ್ದೇ. ಅದರ ಪ್ರತಿಷ್ಠೆ 1924ರ ಕ್ರಿಸ್ಮಸ್ ದಿನ. ಈ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿಹೋದುವು. ಬೀದರ್ ಕಡೆಗೆ ಬಂದವರು ಅಮೆರಿಕದ ಮೆಥೊಡಿಸ್ಟರು. ಅವರ ಸಭೆ ಬೇರೆಯಾಗಿಯೇ ಉಳಿದು, 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಎಂದು ಸ್ವತಂತ್ರವಾಯಿತು.

ಮೆಥೊಡಿಸ್ಟ್ ಪದ್ಧತಿಯಲ್ಲಿ ಮೆಟ್ಟಿಲು ಕೆಳಗಿನಿಂದ. ತನಗೆ ಕರೆ ಬಂದಿದೆ ಎಂದು ಒಬ್ಬನು ಹೇಳಿಕೊಂಡರೆ ಸಾಲದು. ಅವನನ್ನು ಬಲ್ಲ ಸ್ಥಳದ ಸಭೆಯೇ ಶಿಫಾರಸು ಮಾಡಬೇಕು. ಪರೀಕ್ಷೆಯಾದ ಮೇಲೆ ಸ್ಥಳೀಯ ಬೋಧಕನೆಂದು ಅನುಮತಿಪತ್ರ. ಬಹುಮಂದಿ ಉದ್ಯೋಗ ಬಿಡದೆ ಅಲ್ಲಿಯೇ ನಿಲ್ಲುವರು. ಮುಂದೆ ಹೋಗುವವನು ಥಿಯಾಲಜಿ ಓದಿ, ಕಾನ್ಫರೆನ್ಸಿನಲ್ಲಿ ಪರೀಕ್ಷಾರ್ಥಿಯಾಗಿ ದುಡಿದು, ಡೀಕನ್ ಆಗಿ, ಬಳಿಕ ಬಿಷಪ್ಪರ ಹಸ್ತದಿಂದ ಎಲ್ಡರ್ ಆಗುವನು. ಪೂರ್ಣ ಸದಸ್ಯನಾಗುವ ಮುನ್ನ ಎಲ್ಲರೆದುರಿಗೆ ಕೇಳುವ ಹಳೆಯ ಪ್ರಶ್ನೆಗಳಲ್ಲಿ ಒಂದು: ಕೆಲಸಕ್ಕೆ ಅಡ್ಡಿಯಾಗುವಷ್ಟು ಸಾಲ ನಿನಗುಂಟೇ? ನಮ್ಮ ಆಫೀಸುಗಳಲ್ಲಿ ಈ ಪ್ರಶ್ನೆ ಕೇಳಿದರೆ ಎಷ್ಟು ಕುರ್ಚಿಗಳು ಖಾಲಿಯಾದಾವೋ!

ಕಾಲೇಜಿನ ಓದು ಬಂದಾಗ ನಮ್ಮವರಿಗೆ ಒಂದು ತೊಡಕುಂಟು. ಆಂಧ್ರ ಕ್ರಿಶ್ಚಿಯನ್ ಥಿಯಾಲಾಜಿಕಲ್ ಕಾಲೇಜು ಹುಸೇನ್ ಸಾಗರದ ಆಚೆ ದಡದ ಬಳಿಯೇ ಇದೆ. ಹಲವು ಸಭೆಗಳು ಸೇರಿ 1964ರಲ್ಲಿ ರಾಜಮಹೇಂದ್ರಿಯಲ್ಲಿ ಆರಂಭಿಸಿದ ಆ ಕಾಲೇಜು 1970ರ ದಶಕದಲ್ಲಿ ಇಲ್ಲಿಗೆ ಬಂತು. ಮೆಥೊಡಿಸ್ಟರೂ ಅದರಲ್ಲಿ ಪಾಲುಗಾರರು. ಆದರೆ ಅದು ತೆಲುಗು ಸಭೆಗಳ ಸಲುವಾಗಿ ಹುಟ್ಟಿದ್ದು. ಮೆಥೊಡಿಸ್ಟರ ಹೆಸರಾಂತ ಲೆನಾರ್ಡ್ ಕಾಲೇಜು ದೂರದ ಜಬಲ್ಪುರದಲ್ಲಿದೆ. ಕನ್ನಡ ಸಭೆಗಳ ಕಾಲೇಜೆಂದರೆ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಬಾಸೆಲ್ ಮಿಶನ್ನಿನವರು 1847ರಲ್ಲಿ ಅಲ್ಲಿ ತೆರೆದ ಶಾಲೆಯ ವಾರಸು ಅದು. ಬೀದರಿನ ಹುಡುಗನಿಗೆ ಹೈದರಾಬಾದು ಹತ್ತಿರ, ಕನ್ನಡ ದೂರ. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನ ಹಂಚಿಹೋಗಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು; ರೈಲಿನ ಹಳಿ ಮಾತ್ರ ಇತ್ತಲೇ ಎಳೆಯುತ್ತದೆ.

ಬೇರೆ ಭಾಷೆಯಲ್ಲಿ ಥಿಯಾಲಜಿ ಕಲಿತುಬಂದವನು ಕಾಯಿಲೆಯ ಮುದುಕಿಯ ಹಾಸಿಗೆಯ ಬಳಿ ಕುಳಿತಾಗ ಆಡತಕ್ಕದ್ದು ಅವಳ ಬೀದರಿನ ಮಾತನ್ನೇ. ಆ ಮಾತನ್ನು ಕಾಲೇಜು ಕಲಿಸದು. ಇಲ್ಲಿಯೇ ಸ್ಥಳೀಯ ಬೋಧಕನ ಬೆಲೆ ತಿಳಿಯುವುದು. ಸತ್ಯವೇದವನ್ನು ಕನ್ನಡದಲ್ಲಿ ತಡೆಯಿಲ್ಲದೆ ಓದಬಲ್ಲವನೊಬ್ಬನಿದ್ದರೆ ಪರವೂರಿನಲ್ಲಿ ನಾಲ್ಕು ಮನೆಯವರ ಆರಾಧನೆ ನಿಲ್ಲದು. ಆದರೆ ಕರ್ತನ ಭೋಜನವನ್ನು ನಡೆಸುವ ಅಧಿಕಾರ ಅವನಿಗಿಲ್ಲ. ಅದಕ್ಕೆ ಪಾದ್ರಿಯ ದಾರಿ ಕಾಯಬೇಕು.

ಉದ್ಯೋಗ ಬಿಡದೆ ಓದಲು ಈಗ ಅನುಕೂಲಗಳುಂಟು. ಸೆರಾಂಪುರದ ಸೆನೆಟ್ಟು ಸಾಮಾನ್ಯ ಸಭಿಕರಿಗಾಗಿ ದೂರಶಿಕ್ಷಣದಲ್ಲಿ ಕ್ರೈಸ್ತ ಅಧ್ಯಯನದ ಡಿಪ್ಲೊಮಾ ಮತ್ತು ಪದವಿಯ ಪಾಠಕ್ರಮಗಳನ್ನು ಇಟ್ಟಿದೆ. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟಾಫ್ಟಿ ಸಂಸ್ಥೆಯ ಕ್ರಮ ಇನ್ನೂ ಸುಲಭ: ಪಾಠವನ್ನು ಮನೆಯಲ್ಲಿ ಓದಿಕೊಂಡು, ಆಗಾಗ ಗುಂಪಾಗಿ ಕೂಡಿ ಚರ್ಚಿಸುವುದು. ರಾತ್ರಿ ಪಾಳಿಯವರಿಗೂ ಇದು ಸಾಧ್ಯ. ಮನಸ್ಸುಳ್ಳವರು ಮೊದಲು ತಮ್ಮ ಸಭಾಪಾಲಕರನ್ನು ಕಾಣತಕ್ಕದ್ದು. ಶಿಫಾರಸು ಅಲ್ಲಿಂದಲೇ ಹೊರಡಬೇಕು.