ಗಾಳಿಗೂ ಬೆನ್ನು, ಬಿಸಿಲಿಗೂ ಬೆನ್ನು

ಮೈಸೂರಿನ ಕುಕ್ಕರಹಳ್ಳಿ ಕೆರೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಈಗ ಅದು ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಹಾವಕ್ಕಿಗಳ ಮನೆ, ನಮ್ಮಂಥವರ ವಾಕಿಂಗ್ ಅಂಗಳ. ಹನ್ನೊಂದು ವರ್ಷದಿಂದ ಅಲ್ಲಿ ಕ್ಯಾಮೆರಾ ಹೊತ್ತು ಸುತ್ತುತ್ತಿದ್ದೇನೆ. ಕಲಿತದ್ದರಲ್ಲಿ ಲೆನ್ಸಿನ ಪಾಲು ಕಡಿಮೆ, ನಿಂತ ಜಾಗದ್ದೇ ಹೆಚ್ಚು.

1. ಮೊದಲ ವರ್ಷ ನನಗೆ ಸಿಕ್ಕಿದ್ದೆಲ್ಲ ಹಕ್ಕಿಗಳ ಬಾಲ. ದಿನಾ ವಾಕಿಂಗ್ ಬರುತ್ತಿದ್ದ ಹಿರಿಯರೊಬ್ಬರು ಒಂದು ಬೆಳಿಗ್ಗೆ ಕ್ಯಾಮೆರಾದ ಪರದೆಯೊಳಗೆ ಇಣುಕಿದರು. ಪಾರಿವಾಳ ಸಾಕಿದ ಅನುಭವ ಅವರದು. "ಏನ್ ಸ್ವಾಮಿ, ಬರೀ ಬಾಲಾನೇ ತೆಗ್ದಿದ್ದೀರಲ್ಲ! ಗಾಳಿ ಎತ್ಲಾಗಿಂದ ಬೀಸ್ತಾ ಅದೆ ನೋಡಿದ್ರಾ?" ಅಂದರು. ನೋಡಿರಲಿಲ್ಲ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಹೆಜ್ಜಾರ್ಲೆಯಂಥ ಭಾರದ ಹಕ್ಕಿಗಂತೂ ಎದುರುಗಾಳಿಯೇ ಆಸರೆ. ಗಾಳಿ ನಮ್ಮ ಬೆನ್ನಿಗೆ ಬೀಸುತ್ತಿದ್ದರೆ ಅದರ ಮುಖ ನಮ್ಮ ಕಡೆಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸಾಮಾನ್ಯವಾಗಿ ಮೂಡಣ ಗಾಳಿ. ಬೆಳಗಿನ ಬಿಸಿಲೂ ಅತ್ತಲಿಂದಲೇ. ಪೂರ್ವದ ದಂಡೆಯಲ್ಲಿ ನಿಂತರೆ ಎರಡೂ ಬೆನ್ನಿಗೆ ಬಂದವು. ಆಷಾಢದ ಪಡುವಣ ಗಾಳಿಯಲ್ಲಿ ಈ ಲೆಕ್ಕ ತಲೆಕೆಳಗು: ಬೆಳಿಗ್ಗೆ ಬಿಸಿಲಿಗೆ ಬೆನ್ನು ಕೊಟ್ಟರೆ ಮತ್ತೆ ಬಾಲವೇ ಗತಿ. ಆಗ ಸಂಜೆ, ಪಶ್ಚಿಮದ ದಂಡೆ, ಮೋಡ ದಯೆ ತೋರಿದರೆ.

ಮುಖ ಸಿಕ್ಕ ಮೊದಲ ಹೆಜ್ಜಾರ್ಲೆಯನ್ನು ಹಿರಿಯರಿಗೆ ತೋರಿಸಿದೆ. "ರೆಕ್ಕೆ ತುದಿ ಕತ್ತರಿಸಿಬಿಟ್ರಲ್ಲ" ಅಂದರು.

2. ಕ್ಯಾಮೆರಾದ ಕಣ್ಣಿಗೆ ಲೋಕವೆಲ್ಲ ಬೂದು. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ನಿಂತರೆ ಕ್ಯಾಮೆರಾ ಇಡೀ ಚಿತ್ರವನ್ನು ಬೆಳಗಲು ಹೋಗಿ ಗರಿಗಳನ್ನು ಸುಣ್ಣದ ಗೋಡೆ ಮಾಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ. ಬೆಳ್ಳನೆಯ ಆಕಾಶದೆದುರು ಕೂತ ನೀರುಕಾಗೆಗೆ ಒಂದು, ಒಂದೂವರೆ ಏರಿಸಿ. ಪೂರ್ತಿ ಸುಟ್ಟುಹೋದ ಬಿಳುಪನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು.

3. ಕೂತ ಕೊಕ್ಕರೆಗೆ 1/500 ಸೆಕೆಂಡ್ ಸಾಕು, ಹಾರುವ ಹೆಜ್ಜಾರ್ಲೆಗೆ 1/1600, ಧುಮುಕುವ ಮಿಂಚುಳ್ಳಿಗೆ 1/3200. ಐಎಸ್‌ಒ ಎಷ್ಟಾದರೂ ಏರಲಿ. ಕಾಳುಕಾಳಾದ ಚಿತ್ರ ನೋಡಬಹುದು, ಅಲುಗಿದ್ದನ್ನು ನೋಡಲಾಗದು.

4. ನಿಂತು ಮೇಲಿನಿಂದ ತೆಗೆದರೆ ಗುಳುಮುಳುಕ ನೀರಿನ ಮೇಲೆ ತೇಲುವ ತೆಂಗಿನಕಾಯಿ. ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಅಂದರೆ ಹೊಟ್ಟೆಯ ಮೇಲೆ ಮಲಗಬೇಕು. ಲೆನ್ಸಿಗೆ ದಿಂಬಾಗಲಿ ಅಂತ ಹಳೇ ಪ್ಯಾಂಟಿನ ಕಾಲು ಕತ್ತರಿಸಿ, ರಾಗಿ ತುಂಬಿ ಹೊಲಿದುಕೊಂಡಿದ್ದೆ. ಒದ್ದೆ ದಂಡೆಯ ಮೇಲಿಟ್ಟು ಮನೆಗೆ ತಂದು ಮರೆತೆ. ನಾಲ್ಕು ದಿನಕ್ಕೆ ಮೊಳಕೆ. ಮನೆಯಾಕೆ ಇವತ್ತಿಗೂ ನೆನಪಿಸುತ್ತಾಳೆ. ಈಗ ಥರ್ಮಕೋಲ್ ಕಾಳು.

5. ಪಾರ್ಕಿನ ಹಕ್ಕಿಗಳಿಗೆ ನಡೆಯುವವರು ಅಭ್ಯಾಸ, ನಿಂತು ದಿಟ್ಟಿಸುವವರು ಅಲ್ಲ. ಮಡಿವಾಳ ಹಕ್ಕಿಯ ಕಡೆ ನೆಟ್ಟಗೆ ಹೋಗಬೇಡಿ. ಓರೆಯಾಗಿ, ಬೇರೆಲ್ಲೋ ನೋಡುತ್ತ, ಸಾಲ ಕೊಟ್ಟವನನ್ನು ಕಂಡವರ ಹಾಗೆ ಸಾಗಿ. ಸೂರಕ್ಕಿಯ ಹಿಂದೆ ಓಡುವುದೂ ವ್ಯರ್ಥ. ಹೂಬಿಟ್ಟ ಒಂದು ಗಿಡ ಹಿಡಿದು ಕೂತರೆ ಅದೇ ಬರುತ್ತದೆ.

6. ಕೊಂಬೆಯ ಮೇಲಿನ ಗರುಡ ಯಾವಾಗ ಹಾರೀತು? ಹಿಕ್ಕೆ ಹಾಕಿದ ಕೂಡಲೇ ಬೆರಳು ಗುಂಡಿಯ ಮೇಲಿರಲಿ. ಎಷ್ಟೋ ಸಲ ಹೊರಡುವ ಮುನ್ನ ಹೊರೆ ಇಳಿಸುತ್ತದೆ. ಕಪ್ಪು ಬಿಳಿ ಮಿಂಚುಳ್ಳಿ ನೀರ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ತೂಗುವಾಗ ತಲೆ ಮಾತ್ರ ಅಲುಗುವುದಿಲ್ಲ. ಫೋಕಸ್ ಅಲ್ಲಿಗೆ.

7. ಇದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಒಂದು ಏಪ್ರಿಲ್ ಮಧ್ಯಾಹ್ನ, ಬತ್ತಿದ ಕೆರೆಯಂಗಳವೊಂದರಲ್ಲಿ ಟಿಟ್ಟಿಭ ನನ್ನ ಸುತ್ತಲೇ ಕಿರುಚುತ್ತ ಹಾರುತ್ತಿತ್ತು. ಒಳ್ಳೇ ಆ್ಯಕ್ಷನ್ ಅಂತ ಇಪ್ಪತ್ತು ನಿಮಿಷ ಅಲ್ಲೇ ಕೂತು ತೆಗೆದೆ. ಅದು ನೆಲದ ಮೇಲೆ ಮೊಟ್ಟೆಯಿಡುತ್ತದೆ, ಬೇಸಗೆಯಲ್ಲಿ ಅವು ಬೇಯದಂತೆ ಮೈಯ ನೆರಳು ಕೊಡುತ್ತದೆ, ಹೊಟ್ಟೆಯ ಗರಿ ನೀರಲ್ಲಿ ಅದ್ದಿ ತಂದು ತಂಪು ಮಾಡುತ್ತದೆ ಅಂತ ಓದಿದ್ದು ಆಮೇಲೆ. ಎದ್ದಾಗ ಕಂಡವು: ನನ್ನ ಬ್ಯಾಗಿನಿಂದ ನಾಲ್ಕು ಮಾರು ಆಚೆ, ಕಲ್ಲಿನ ಬಣ್ಣದ ನಾಲ್ಕು ಮೊಟ್ಟೆ. ಮರುದಿನ ದೂರದಿಂದ ಬೈನಾಕ್ಯುಲರ್‌ನಲ್ಲಿ ಹುಡುಕಿದೆ. ಹಕ್ಕಿ ಇರಲಿಲ್ಲ. ಕಾಗೆಗಳಿದ್ದವು.

ಚಿತ್ರ ಹಾರ್ಡ್‌ಡಿಸ್ಕಿನಲ್ಲಿದೆ. ಕಣ್ಣು ಚೂಪಾಗಿ ಬಂದಿದೆ.